ಸಾಹಿತ್ಯ ಮರೆತ ಹಾಡಿಗೆ ಗ್ರ್ಯಾಮಿ: 'ಎಲಾ ಇನ್ ಬರ್ಲಿನ್' ಆಲ್ಬಮ್ ಕೇಳಬೇಕಾ?

ಎಲಾ ಫಿಟ್ಜೆರಾಲ್ಡ್ ಹಾಡಿದ್ದರಲ್ಲಿ ಒಂದೇ ಒಂದು ಆಲ್ಬಮ್ ಕೇಳಲು ಸಮಯವಿದೆ ಅಂದರೆ 'ಮ್ಯಾಕ್ ದ ನೈಫ್: ಎಲಾ ಇನ್ ಬರ್ಲಿನ್' ಕೇಳಿ. ಅವಳ ಅತಿ ಅಚ್ಚುಕಟ್ಟಾದ ಆಲ್ಬಮ್ ಇದಲ್ಲ. ಅಚ್ಚುಕಟ್ಟು ಬೇಕಾದವರಿಗೆ ಸ್ಟುಡಿಯೋದಲ್ಲಿ ಮಾಡಿದ, ಒಂದೊಂದರಲ್ಲಿ ಒಬ್ಬ ರಚನಕಾರನ ಅಥವಾ ಜೋಡಿಯ ಹಾಡುಗಳೇ ಇರುವ ಸಾಂಗ್‌ಬುಕ್ ಆಲ್ಬಮ್‌ಗಳು ಎಂಟಿವೆ. ಆದರೆ ಎಲಾ ಅಂದರೆ ಯಾರು, ಅವಳನ್ನು ಯಾಕೆ ಜಾಝ್‌ನ ಮಹಾ ಗಾಯಕಿ ಅನ್ನುತ್ತಾರೆ ಅನ್ನುವುದು ಈ ಬರ್ಲಿನ್ ಸಂಗೀತ ಕಛೇರಿ ಕೇಳಿದಾಗ ಗೊತ್ತಾದಷ್ಟು ಬೇರೆ ಯಾವುದರಲ್ಲೂ ಗೊತ್ತಾಗುವುದಿಲ್ಲ. ನನ್ನ ಮಟ್ಟಿಗಂತೂ ಹಾಗೆ.

ಮೊದಲು ಆಲ್ಬಮ್ ಬಗ್ಗೆ. 1960ರ ಫೆಬ್ರವರಿ 13ರಂದು ಪಶ್ಚಿಮ ಬರ್ಲಿನ್‌ನ ಡಾಯ್ಚ್‌ಲಾಂಡ್‌ಹಾಲೆಯಲ್ಲಿ ನಡೆದ ಕಾರ್ಯಕ್ರಮದ ನೇರ ಧ್ವನಿಮುದ್ರಣ ಇದು. ಸುಮಾರು 12,000 ಜನ ಸೇರಿದ್ದರು. ಜೊತೆಗೆ ನುಡಿಸಿದವರು ನಾಲ್ಕೇ ಜನ: ಪಿಯಾನೋಗೆ ಪಾಲ್ ಸ್ಮಿತ್, ಗಿಟಾರ್‌ಗೆ ಜಿಮ್ ಹಾಲ್, ಬೇಸ್‌ಗೆ ವಿಲ್ಫ್ರೆಡ್ ಮಿಡಲ್‌ಬ್ರೂಕ್ಸ್, ಡ್ರಮ್ಸ್‌ಗೆ ಗಸ್ ಜಾನ್ಸನ್. ಹೊರತಂದಿದ್ದು ವರ್ವ್ ಕಂಪನಿ. ಮೂಲ ಎಲ್‌ಪಿಯಲ್ಲಿ ಒಂಬತ್ತು ಹಾಡುಗಳಿವೆ. ದೊಡ್ಡ ಆರ್ಕೆಸ್ಟ್ರಾ ಇಲ್ಲ, ವಯಲಿನ್‌ಗಳ ಹೊದಿಕೆ ಇಲ್ಲ. ಅಷ್ಟು ದೊಡ್ಡ ಸಭಾಂಗಣದಲ್ಲಿ ಒಂದು ದನಿ, ನಾಲ್ಕು ವಾದ್ಯ, ಅಷ್ಟೇ.

ಎಂಟನೇ ಹಾಡಿಗಾಗಿಯೇ ಈ ಆಲ್ಬಮ್ ಹೆಸರಾಗಿರುವುದು. ಅದೇ 'ಮ್ಯಾಕ್ ದ ನೈಫ್'. ಶುರು ಮಾಡುವ ಮುಂಚೆ ಎಲಾ ಸಭಿಕರ ಜೊತೆ ಎರಡು ಮಾತಾಡುತ್ತಾಳೆ: ಈ ಹಾಡನ್ನು ಹೆಣ್ಣುಮಗಳೊಬ್ಬಳು ಹಾಡಿದ್ದು ನಾವು ಕೇಳಿಲ್ಲ, ಜನಪ್ರಿಯ ಹಾಡು ತಾನೇ, ಪ್ರಯತ್ನ ಮಾಡುತ್ತೇವೆ, ಸಾಹಿತ್ಯ ಪೂರ್ತಿ ನೆನಪಿದ್ದರೆ ಸಾಕು, ಅನ್ನುವ ಅರ್ಥದ ಮಾತು. ನೆನಪಿರುವುದಿಲ್ಲ! ಮೊದಲ ಕೆಲವು ಚರಣ ಚೆನ್ನಾಗಿಯೇ ಹೋಗುತ್ತವೆ. ಆಮೇಲೆ ಪದಗಳು ಕೈಕೊಡುತ್ತವೆ. ಬೇರೆ ಯಾರಾದರೂ ಆಗಿದ್ದರೆ ಹಮ್ ಮಾಡಿ ಹೇಗೋ ಮುಗಿಸುತ್ತಿದ್ದರು, ಇಲ್ಲ ನಕ್ಕು ನಿಲ್ಲಿಸುತ್ತಿದ್ದರು. ಎಲಾ ನಿಲ್ಲಿಸುವುದಿಲ್ಲ. ಮುಂದಿನ ಸಾಲು ಏನು ಅಂತ ಗೊತ್ತಿಲ್ಲ ಅನ್ನುವುದನ್ನೇ ಹಾಡಿನ ಸಾಲು ಮಾಡಿಬಿಡುತ್ತಾಳೆ, ಅದೂ ತಾಳ ಬಿಡದೆ, ಪ್ರಾಸ ಬಿಡದೆ. ಬಾಬಿ ಡಾರಿನ್ ಇದನ್ನು ಹಾಡಿದ, ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ, ಈಗ ನಾವು ಬಂದು ಇದನ್ನು ಹಾಳು ಮಾಡುತ್ತಿದ್ದೇವೆ ಅಂತ ರಾಗವಾಗಿ ಹೇಳುತ್ತಾಳೆ. ನಡುವೆ ಆರ್ಮ್‌ಸ್ಟ್ರಾಂಗ್‌ನ ಗೊಗ್ಗರು ದನಿ ಅನುಕರಣೆ ಮಾಡಿ ಸಭೆಯನ್ನು ನಗಿಸುತ್ತಾಳೆ. ಇಷ್ಟೆಲ್ಲ ಆಗುವಾಗ ಶ್ರುತಿ ಸ್ವಲ್ಪ ಸ್ವಲ್ಪವೇ ಮೇಲೇರುತ್ತಾ ಹೋಗುತ್ತದೆ. ಅಂದರೆ ಪದ ಹುಡುಕುವುದರ ಜೊತೆಗೆ ಪ್ರತಿ ಸಲ ಹೊಸ ಶ್ರುತಿಗೆ ಹಾರಬೇಕು. ಒಂದು ಸ್ವರವೂ ಜಾರುವುದಿಲ್ಲ.

ಇದೇ ಹಾಡಿಗೆ ಗ್ರ್ಯಾಮಿ ಬಂತು, ಆಲ್ಬಮ್‌ಗೆ ಇನ್ನೊಂದು. ಸಾಹಿತ್ಯ ಮರೆತು ಹಾಡಿ ಪ್ರಶಸ್ತಿ ಗೆದ್ದವರು ಬೇರೆ ಯಾರಿದ್ದಾರೋ ನಾನು ಕಾಣೆ.

ಈ ಹಾಡು ಆ ಊರಿನಲ್ಲಿ ಹಾಡಿದ್ದರಲ್ಲೇ ಒಂದು ವಿಶೇಷ ಇದೆ, ಅದನ್ನು ಸುಮ್ನೆ ದಾಟಿ ಹೋಗಬಾರದು. ಮ್ಯಾಕ್ ದ ನೈಫ್ ಹುಟ್ಟಿದ್ದೇ ಬರ್ಲಿನ್‌ನಲ್ಲಿ. 1928ರಲ್ಲಿ ಅಲ್ಲಿನ ರಂಗದ ಮೇಲೆ ಬಂದ ಸಂಗೀತ ನಾಟಕವೊಂದರ ಹಾಡು ಅದು. ರಾಗ ಕೂರ್ಟ್ ವೈಲ್‌ನದು, ಜರ್ಮನ್ ಸಾಹಿತ್ಯ ಬರ್ಟೋಲ್ಟ್ ಬ್ರೆಕ್ಟ್‌ನದು. ನಾಜಿಗಳು ಅಧಿಕಾರಕ್ಕೆ ಬಂದ 1933ರಲ್ಲಿ ವೈಲ್ ದೇಶ ಬಿಟ್ಟ. ಯಹೂದಿ ಸಂಗೀತಗಾರನ ಹಾಡು ಅವರಿಗೆ ಬೇಡವಾಗಿತ್ತು, ಕಪ್ಪು ಜನರ ಜಾಝ್ ಅಂತೂ ಅವರ ಕಣ್ಣಿಗೆ ಕೊಳಕು. ಆ ಡಾಯ್ಚ್‌ಲಾಂಡ್‌ಹಾಲೆ ಇದೆಯಲ್ಲ, ಅದು 1936ರ ಒಲಿಂಪಿಕ್ಸ್‌ಗೆಂದು ಅದೇ ನಾಜಿಗಳ ಕಾಲದಲ್ಲಿ ಕಟ್ಟಿದ ಸಭಾಂಗಣ. ಅಲ್ಲಿ ನಿಂತು ಒಬ್ಬ ಕಪ್ಪು ಹೆಣ್ಣುಮಗಳು ವೈಲ್‌ನ ಹಾಡನ್ನು, ಅರ್ಧ ಸಾಹಿತ್ಯ ತನ್ನದೇ ಸೇರಿಸಿ ಹಾಡಿದಳು, ಜನ ಕುಣಿದಾಡಿದರು. ಎಲಾ ಇದರ ಬಗ್ಗೆ ಭಾಷಣ ಏನೂ ಮಾಡುವುದಿಲ್ಲ. ಹಾಡು ಮುಗಿಸಿ ಮುಂದಿನ ಹಾಡಿಗೆ ಹೋಗುತ್ತಾಳೆ.

ಹಾಡು ಕೇಳುವಾಗ ನನಗೆ ಪ್ರತಿ ಸಲ ಅವಳ ಹಳೆಯ ಕತೆ ನೆನಪಾಗುತ್ತದೆ. ಬರ್ಲಿನ್‌ನಲ್ಲಿ ಆಗಿದ್ದು ಅವಳ ಬದುಕಿನಲ್ಲಿ ಮೊದಲ ಸಲ ಅಲ್ಲ.

1917ರ ಏಪ್ರಿಲ್ 25ರಂದು ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿ ಹುಟ್ಟಿದ ಎಲಾ ಬೆಳೆದಿದ್ದು ನ್ಯೂಯಾರ್ಕ್ ಪಕ್ಕದ ಯಾಂಕರ್ಸ್‌ನಲ್ಲಿ. ಅವಳಿಗೆ ಡ್ಯಾನ್ಸ್ ಹುಚ್ಚು, ಹಾಡು ಆಮೇಲಿನ ಮಾತು. 1932ರಲ್ಲಿ ತಾಯಿ ತೀರಿಕೊಂಡಳು. ಅಲ್ಲಿಂದ ಎಲ್ಲ ಕೆಟ್ಟಿತು. ನ್ಯೂಯಾರ್ಕಿನಲ್ಲಿ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನಲ್ಲಿ ಚಿಕ್ಕಮ್ಮನ ಮನೆ, ಶಾಲೆ ತಪ್ಪಿಸಿದ್ದು, ಜೂಜಿನವರ ಪರವಾಗಿ ಸಣ್ಣಪುಟ್ಟ ಓಡಾಟ, ಪೊಲೀಸರ ಕೈಗೆ ಸಿಕ್ಕಿದ್ದು, ಅನಾಥಾಲಯ, ಕೊನೆಗೆ ಹಡ್ಸನ್ ಎಂಬ ಊರಿನ ಬಾಲಕಿಯರ ಸುಧಾರಣಾ ಶಾಲೆ. ಆ ಶಾಲೆಯಲ್ಲಿ ಕಪ್ಪು ಹುಡುಗಿಯರನ್ನು ಬೇರೆ ಕಟ್ಟಡಗಳಲ್ಲಿ ಇಟ್ಟಿದ್ದರು, ಹೊಡೆತ ಬಡಿತ ಇತ್ತು ಅನ್ನುವುದು ಅವಳು ಸತ್ತ ನಂತರ ಪತ್ರಿಕೆಗಳಲ್ಲಿ ಬಂತು. ಅಲ್ಲಿನ ಗಾಯನ ತಂಡದಲ್ಲಿ ಬಿಳಿ ಹುಡುಗಿಯರಿಗೆ ಮಾತ್ರ ಜಾಗವಂತೆ. ಯೋಚನೆ ಮಾಡಿ, ಎಲಾ ಫಿಟ್ಜೆರಾಲ್ಡ್ ಇದ್ದ ಶಾಲೆಯ ಗಾಯನ ತಂಡದಲ್ಲಿ ಎಲಾ ಫಿಟ್ಜೆರಾಲ್ಡ್‌ಗೆ ಜಾಗ ಇಲ್ಲ! ಅವಳು ಬದುಕಿರುವವರೆಗೂ ಇದರ ಬಗ್ಗೆ ಬಾಯಿ ಬಿಡಲಿಲ್ಲ. ಅಲ್ಲಿಂದ ಹೊರಬಂದ ಮೇಲೆ ಹಾರ್ಲೆಮ್ ಬೀದಿಗಳಲ್ಲಿ ಮನೆ ಮಠ ಇಲ್ಲದೆ ಅಲೆದಳು.

1934ರ ನವೆಂಬರ್ 21. ಹಾರ್ಲೆಮ್‌ನ ಅಪೋಲೋ ಥಿಯೇಟರ್‌ನ ಹವ್ಯಾಸಿಗಳ ಸ್ಪರ್ಧೆ. ಎಲಾ ಹೆಸರು ಕೊಟ್ಟಿದ್ದು ಡ್ಯಾನ್ಸ್ ಮಾಡಲು. ಆದರೆ ಅವಳಿಗಿಂತ ಮುಂಚೆ ಎಡ್ವರ್ಡ್ಸ್ ಸಿಸ್ಟರ್ಸ್ ಅನ್ನುವ ಜೋಡಿ ವೇದಿಕೆಗೆ ಬಂದು ಚಿಂದಿ ಉಡಾಯಿಸಿಬಿಟ್ಟರು. ಅವರ ನಂತರ ಕುಣಿದರೆ ನಗೆಪಾಟಲು ಅಂತ ಎಲಾಗೆ ಗೊತ್ತಾಯಿತು. ಕಾಲು ನಡುಗುತ್ತಿವೆ. ಹಾಕಿಕೊಂಡಿರುವುದು ಹಳೆಯ ಬಟ್ಟೆ, ಅಪೋಲೋ ಪ್ರೇಕ್ಷಕರಿಗಂತೂ ಕರುಣೆ ಅನ್ನುವುದೇ ಇಲ್ಲ. ನಿಂತಲ್ಲೇ ಯೋಚನೆ ಬದಲಿಸಿ ಹಾಡಿದಳು. ತಾಯಿಗೆ ಇಷ್ಟವಾಗಿದ್ದ ಗಾಯಕಿ ಕಾನಿ ಬಾಸ್‌ವೆಲ್ ಶೈಲಿಯಲ್ಲಿ, ರೆಕಾರ್ಡ್ ಕೇಳಿ ಕಲಿತಿದ್ದನ್ನು. ಒಂದು ಹಾಡು ಮುಗಿದ ಮೇಲೆ ಜನ ಇನ್ನೊಂದು ಕೇಳಿದರು. ಮೊದಲ ಬಹುಮಾನ 25 ಡಾಲರ್ ಬಂತು. ಗೆದ್ದವರಿಗೆ ಒಂದು ವಾರ ಅಲ್ಲೇ ಹಾಡುವ ಅವಕಾಶ ಸಿಗಬೇಕಿತ್ತು, ಅವಳ ಅವತಾರ ನೋಡಿ ಅದನ್ನು ಕೊಡಲಿಲ್ಲ ಎಂದು ಹೇಳುತ್ತಾರೆ.

ಕುಣಿಯಲು ಬಂದವಳು ಕುಣಿಯಲಾಗದೆ ಹಾಡಿದಳು. ಇಪ್ಪತ್ತೈದು ವರ್ಷದ ಮೇಲೆ ಬರ್ಲಿನ್‌ನಲ್ಲಿ ಹಾಡಲು ನಿಂತವಳು ಪದ ಸಿಗದೆ ಪದ ಕಟ್ಟಿದಳು. ಅಂದುಕೊಂಡಿದ್ದು ಕೈಕೊಟ್ಟಾಗಲೇ ಎಲಾ ತನ್ನ ಪೂರ್ತಿ ಎತ್ತರಕ್ಕೆ ನಿಲ್ಲುವುದು. ಈ ಆಲ್ಬಮ್ ಅವಳ ಬೇರೆಲ್ಲ ಆಲ್ಬಮ್‌ಗಿಂತ ನನಗೆ ಜಾಸ್ತಿ ಇಷ್ಟವಾಗುವುದು ಇದಕ್ಕೇ.

ಮಧ್ಯದ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಆ ಕಾಲದ ರೆಕಾರ್ಡ್‌ಗಳು ಬೇರೆಯೇ ವಿಮರ್ಶೆಯ ವಿಷಯ. 1935ರಲ್ಲಿ ಡ್ರಮ್ಮರ್ ಚಿಕ್ ವೆಬ್‌ನ ತಂಡ ಸೇರಿದಳು. ವೆಬ್‌ಗೆ ಮೊದಲು ಈ ಹುಡುಗಿ ಬೇಡವಾಗಿತ್ತು, ನೋಡಲು ಚೆನ್ನಾಗಿಲ್ಲ ಅಂತ. ದನಿ ಕೇಳಿಸಿಕೊಂಡ ಮೇಲೆ ಬಾಯಿ ಮುಚ್ಚಿದ. ಹಾರ್ಲೆಮ್‌ನ ಸವಾಯ್ ಬಾಲ್‌ರೂಮ್ ಅನ್ನುವ ಡ್ಯಾನ್ಸ್ ಹಾಲ್‌ನಲ್ಲಿ ಆ ತಂಡದ್ದೇ ದರ್ಬಾರು. 1938ರಲ್ಲಿ ಮಕ್ಕಳ ಪದ್ಯವೊಂದನ್ನು ತಿದ್ದಿ ಹಾಡಿದ 'ಎ-ಟಿಸ್ಕೆಟ್, ಎ-ಟಾಸ್ಕೆಟ್' ಹತ್ತು ಲಕ್ಷ ಪ್ರತಿ ಮಾರಾಟವಾಗಿ ಅವಳನ್ನು ಮನೆಮಾತು ಮಾಡಿತು. ಮರುವರ್ಷ ವೆಬ್ ಸತ್ತ. ಇಪ್ಪತ್ತೆರಡು ವರ್ಷದ ಎಲಾ ಹೆಸರಿನಲ್ಲೇ ತಂಡ 1942ರವರೆಗೆ ನಡೆಯಿತು. ಆಮೇಲೆ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಜೊತೆ ಊರೂರು ಸುತ್ತುತ್ತಾ ಬಿಬಾಪ್ ಅನ್ನುವ ವೇಗದ ಹೊಸ ಜಾಝ್ ಶೈಲಿ ಕಲಿತಳು. ಅದೇ ತಂಡದಲ್ಲಿದ್ದ ಬೇಸ್ ವಾದಕ ರೇ ಬ್ರೌನ್‌ನನ್ನು 1947ರಲ್ಲಿ ಮದುವೆಯಾದಳು, 1953ರಲ್ಲಿ ಬೇರೆಯಾದರು.

ಸ್ಕ್ಯಾಟ್ ಅವಳ ಕೈವಶವಾಗಿದ್ದು ಈ ಕಾಲದಲ್ಲೇ. ಸ್ಕ್ಯಾಟ್ ಅಂದರೆ ಅರ್ಥವಿಲ್ಲದ ಅಕ್ಷರಗಳಲ್ಲಿ, ಆಗಿಂದಾಗ್ಗೆ ಕಟ್ಟುತ್ತಾ ಹಾಡುವುದು. ಕಛೇರಿಯಲ್ಲಿ ಕಲ್ಪನಾಸ್ವರ ಕೇಳಿದ ಕಿವಿಗೆ ಇದು ಅಷ್ಟೇನೂ ಹೊಸದು ಅನ್ನಿಸುವುದಿಲ್ಲ, ಆದರೆ ಇಲ್ಲಿ ದನಿ ಟ್ರಂಪೆಟ್, ಸ್ಯಾಕ್ಸೋಫೋನ್‌ಗಳ ಜೊತೆ ಪೈಪೋಟಿಗೆ ಇಳಿಯುತ್ತದೆ. ಎಲಾ ಮುಂದೆ ಒಂದು ಹಂತದಲ್ಲಿ ಬಿಬಾಪ್ ಬಿಟ್ಟರೆ ಬೇರೆ ಸಂಗೀತವೇ ಇಲ್ಲ ಅಂದುಕೊಂಡಿದ್ದಳಂತೆ. ಅವಳನ್ನು ಅಲ್ಲಿಂದ ಎಳೆದು ತಂದಿದ್ದು ಮ್ಯಾನೇಜರ್ ನಾರ್ಮನ್ ಗ್ರಾಂಝ್. ಅವಳಿಗಾಗಿಯೇ ವರ್ವ್ ಕಂಪನಿ ಶುರು ಮಾಡಿ, 1956ರಿಂದ 1964ರವರೆಗೆ ಕೋಲ್ ಪೋರ್ಟರ್, ಎಲಿಂಗ್ಟನ್, ಗರ್ಶ್‌ವಿನ್ ಮುಂತಾದವರ ಹಾಡುಗಳ ಸಾಂಗ್‌ಬುಕ್ ಸರಣಿ ಮಾಡಿಸಿದ.

ಗ್ರಾಂಝ್ ಬಗ್ಗೆ ಇನ್ನೊಂದು ಮಾತು. ತನ್ನ ಕಾರ್ಯಕ್ರಮಗಳಲ್ಲಿ ಬಿಳಿಯರಿಗೆ ಒಂದು ಕಡೆ, ಕಪ್ಪು ಜನರಿಗೆ ಇನ್ನೊಂದು ಕಡೆ ಕುರ್ಚಿ ಹಾಕುವುದಕ್ಕೆ ಅವನು ಒಪ್ಪುತ್ತಿರಲಿಲ್ಲ. 1955ರಲ್ಲಿ ಹ್ಯೂಸ್ಟನ್‌ನಲ್ಲಿ ಹೀಗೇ ಕಾರ್ಯಕ್ರಮ ಇಟ್ಟಾಗ ಪೊಲೀಸರು ಎಲಾಳ ಡ್ರೆಸ್ಸಿಂಗ್ ರೂಮಿಗೇ ನುಗ್ಗಿದರು. ಅಲ್ಲಿ ಗಿಲೆಸ್ಪಿ ಮತ್ತು ಸ್ಯಾಕ್ಸೋಫೋನ್ ವಾದಕ ಇಲಿನಾಯ್ ಜಾಕೆ ದಾಳ ಆಡುತ್ತಿದ್ದರು, ಎಲಾ ಪಕ್ಕದಲ್ಲಿ ಕೂತು ತಿಂಡಿ ತಿನ್ನುತ್ತಿದ್ದಳು. ಜೂಜು ಅಂತ ಎಲ್ಲರನ್ನೂ ಠಾಣೆಗೆ ಎಳೆದುಕೊಂಡು ಹೋದರು. ಠಾಣೆಯಲ್ಲಿ ಒಬ್ಬ ಪೊಲೀಸ್ ಅವಳ ಆಟೋಗ್ರಾಫ್ ಕೇಳಿದನಂತೆ! ಅದರ ಹಿಂದಿನ ವರ್ಷ ಆಸ್ಟ್ರೇಲಿಯಾಕ್ಕೆ ಹೋಗುವಾಗ ಪ್ಯಾನ್ ಆ್ಯಮ್ ವಿಮಾನದಿಂದ ಅವಳನ್ನೂ ಜೊತೆಯವರನ್ನೂ ಇಳಿಸಿಬಿಟ್ಟಿದ್ದರು, ಬಣ್ಣದ ಕಾರಣಕ್ಕೇ ಅಂತ ಕೇಸು ಹಾಕಿ ಪರಿಹಾರ ಪಡೆದಳು. ಬರ್ಲಿನ್ ವೇದಿಕೆಯ ಆ ನಗುವಿನ ಹಿಂದೆ ಇದೆಲ್ಲ ಇದೆ.

ಈಗ ಆಲ್ಬಮ್‌ನ ಉಳಿದ ಹಾಡುಗಳು. ಶುರುವಿನ ಹಾಡು 'ಗಾನ್ ವಿತ್ ದ ವಿಂಡ್' ಹಗುರವಾಗಿ, ಮೈಚಳಿ ಬಿಡಿಸಲು ಹಾಡಿದಂತಿದೆ. 'ಮಿಸ್ಟಿ' ಚೆಂದ, ಆದರೆ ಬೇಗ ಮುಗಿದುಹೋಗುತ್ತದೆ, ಇನ್ನೊಂದು ಸುತ್ತು ಇರಬೇಕಿತ್ತು ಅನ್ನಿಸುತ್ತದೆ. 'ದ ಲೇಡಿ ಈಸ್ ಎ ಟ್ರ್ಯಾಂಪ್' ಸಿಕ್ಕಾಪಟ್ಟೆ ಮಜಾ. ಗರ್ಶ್‌ವಿನ್‌ನ 'ಲೊರೆಲೈ' ನನಗೆ ಅಷ್ಟಕ್ಕಷ್ಟೆ. ಜರ್ಮನಿಗೆ ಬಂದಿದ್ದೇವೆ, ರೈನ್ ನದಿಯ ಮೋಹಿನಿಯ ಹಾಡು ಒಂದಿರಲಿ ಅಂತ ಸೇರಿಸಿದ ಹಾಗಿದೆ. ಹಾಡು ಜಾಣತನದ್ದು, ಮನಸ್ಸಿನಲ್ಲಿ ಉಳಿಯುವುದಿಲ್ಲ.

'ದ ಮ್ಯಾನ್ ಐ ಲವ್' ಮತ್ತು 'ಸಮರ್‌ಟೈಮ್' ಮಾತ್ರ ಬೇರೆ ಮಟ್ಟದವು. ಇವೆರಡೂ ಒಂದರ ಹಿಂದೆ ಒಂದು ಬರುತ್ತವೆ. ಎಲಾ ಬಗ್ಗೆ ಒಂದು ಹಳೆಯ ದೂರಿದೆ ಅಲ್ವಾ, ಅವಳಿಗೆ ದುಃಖ ಹಾಡಲು ಬರುವುದಿಲ್ಲ, ಬಿಲ್ಲಿ ಹಾಲಿಡೇ ಹಾಡಿದರೆ ಕರುಳು ಹಿಂಡುತ್ತದೆ, ಎಲಾ ಹಾಡಿದರೆ ಬರೀ ಚೆಂದ ಅಂತ. ಆ ದೂರು ಹೇಳುವವರು ಈ ಎರಡು ಹಾಡು ಕೇಳಲಿ. ಇಲ್ಲಿ ಅಳು ಇಲ್ಲ, ಸರಿ. ದನಿ ಒಡೆಯುವುದಿಲ್ಲ, ಅದೂ ಸರಿ. ಆದರೆ ಸಮರ್‌ಟೈಮ್‌ನಲ್ಲಿ ಅವಳು ಸ್ವರವನ್ನು ನಿಧಾನಕ್ಕೆ ಎಳೆದು, ಸದ್ದಿಲ್ಲದ ಹಾಗೆ ಬಿಡುವ ರೀತಿ ಇದೆಯಲ್ಲ, ಸಾವಿರಾರು ಜನರ ನಡುವೆ ಒಬ್ಬಳೇ ಇದ್ದಾಳೆ ಅನ್ನಿಸುತ್ತದೆ. ಹಡ್ಸನ್ ಶಾಲೆಯ ಬಗ್ಗೆ ಬಾಯಿ ಬಿಡದವಳು ಹಾಡಿನಲ್ಲಿ ಗೋಳಾಡುತ್ತಾಳೆ ಅಂತ ನಿರೀಕ್ಷೆ ಮಾಡುವುದೇ ತಪ್ಪು. ಬಿಲ್ಲಿ ಹಾಲಿಡೇ ಗಾಯ ತೋರಿಸುತ್ತಾಳೆ, ಎಲಾ ಮುಚ್ಚಿಕೊಳ್ಳುತ್ತಾಳೆ. ಮುಚ್ಚಿಕೊಂಡಿದ್ದು ಕೇಳಿಸಿಕೊಳ್ಳಲು ಸ್ವಲ್ಪ ತಾಳ್ಮೆ ಬೇಕು, ಅಷ್ಟೇ ವ್ಯತ್ಯಾಸ. ಹಾಗಂತ 'ಟೂ ಡಾರ್ನ್ ಹಾಟ್' ಥರದ ಹಾಡಿನಲ್ಲೂ ಆಳವಾದ ನೋವು ಹುಡುಕಲು ಹೋಗಬೇಡಿ, ಅದು ಬರೀ ಸ್ವಿಂಗ್, ಬರೀ ಖುಷಿ.

ಕೊನೆಯ ಹಾಡು 'ಹೌ ಹೈ ದ ಮೂನ್'. ಸುಮಾರು ಏಳು ನಿಮಿಷ. ಮೊದಲು ಒಂದು ಸುತ್ತು ಸಾಹಿತ್ಯ ಹಾಡುತ್ತಾಳೆ, ಆಮೇಲೆ ಹಿಡಿತಕ್ಕೆ ಸಿಗುವುದಿಲ್ಲ. ಪೂರ್ತಿ ಸ್ಕ್ಯಾಟ್. ಇದೇ ಹಾಡಿನ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಮೇಲೆ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಕಟ್ಟಿದ 'ಆರ್ನಿಥಾಲಜಿ' ನಡುವೆ ಬಂದು ಹೋಗುತ್ತದೆ. ತನ್ನದೇ ಎ-ಟಿಸ್ಕೆಟ್ ಇಣುಕುತ್ತದೆ. ಬೇರೆ ಹಾಡುಗಳ ಚೂರುಗಳು ಎಷ್ಟು ವೇಗವಾಗಿ ಬರುತ್ತವೆ ಅಂದರೆ ಒಂದನ್ನು ಗುರುತು ಹಿಡಿಯುವಷ್ಟರಲ್ಲಿ ಇನ್ನೊಂದು ಹೋಗಿರುತ್ತದೆ. ಕೊನೆಗೆ ಕಣ್ಣಿಗೆ ಹೊಗೆ ತುಂಬುವ ಹಳೆಯ ಹಾಡೊಂದನ್ನು ಎತ್ತಿಕೊಂಡು, ಹೊಗೆಯ ಜಾಗಕ್ಕೆ ಬೆವರು ಹಾಕಿ ಹಾಡುತ್ತಾಳೆ! ಅಷ್ಟು ಹೊತ್ತು ಹಾಡಿ ನಿಜವಾಗಲೂ ಬೆವರು ಕಣ್ಣಿಗೆ ಇಳಿದಿರಬೇಕು. ಮ್ಯಾಕ್ ದ ನೈಫ್‌ಗಿಂತ ಈ ಹಾಡೇ ದೊಡ್ಡದು ಅಂತ ನನ್ನ ಅಭಿಪ್ರಾಯ. ಅಲ್ಲಿ ಆಕಸ್ಮಿಕ ಅವಳನ್ನು ತಳ್ಳಿತು, ಇಲ್ಲಿ ಅವಳೇ ಬೇಕಂತ ಬಂಡೆಯ ತುದಿಗೆ ಹೋಗಿ ನಿಲ್ಲುತ್ತಾಳೆ.

ಜೊತೆಗಾರರ ಬಗ್ಗೆ ಹೇಳದಿದ್ದರೆ ಅನ್ಯಾಯ. ಮ್ಯಾಕ್ ದ ನೈಫ್‌ನಲ್ಲಿ ಎಲಾ ದಾರಿ ತಪ್ಪಿದಾಗ ಪಾಲ್ ಸ್ಮಿತ್ ಪಿಯಾನೋ ಒಂದು ಕ್ಷಣವೂ ತಡವರಿಸುವುದಿಲ್ಲ, ಕೆಳಗೆ ನೆಲ ಗಟ್ಟಿಯಾಗಿರುವುದರಿಂದಲೇ ಅವಳು ಮೇಲೆ ಆಟವಾಡಬಹುದು. ಗಸ್ ಜಾನ್ಸನ್ ಡ್ರಮ್ಸ್ ಅವಳನ್ನು ಹಿಂದಿನಿಂದ ದೂಡುತ್ತಲೇ ಇರುತ್ತದೆ. ಜಿಮ್ ಹಾಲ್‌ಗೆ ಆಗ ಇಪ್ಪತ್ತೊಂಬತ್ತು ವರ್ಷ, ಆಮೇಲೆ ಜಾಝ್ ಗಿಟಾರ್‌ನ ದೊಡ್ಡ ಹೆಸರಾದವನು. ಇಲ್ಲಿ ಅವನು ಎಷ್ಟು ಕಡಿಮೆ ನುಡಿಸುತ್ತಾನೆ ಅನ್ನುವುದನ್ನು ಗಮನಿಸಿ. ಅವನ ಅಭಿಮಾನಿಗಳಿಗೆ ಸ್ವಲ್ಪ ನಿರಾಸೆ ಆಗಬಹುದು, ನನಗೆ ಆಗಲಿಲ್ಲ.

ದನಿಯ ಗುಣಮಟ್ಟ? ಸ್ಟುಡಿಯೋ ರೆಕಾರ್ಡಿಂಗ್ ಥರ ನುಣುಪಾಗಿಲ್ಲ. ದೊಡ್ಡ ಹಾಲ್, ಜೋರು ಚಪ್ಪಾಳೆ, ಪಿಯಾನೋ ಕೆಲವು ಕಡೆ ಚೂಪು. ಆದರೆ ಎಲಾಳ ದನಿ ಎದುರಿಗೇ ಇದೆ, ಉಸಿರು ತೆಗೆದುಕೊಳ್ಳುವುದೂ ಗೊತ್ತಾಗುತ್ತದೆ. ಒಳ್ಳೆಯ ಹೆಡ್‌ಫೋನ್ ಇದ್ದರೆ ಹಾಕಿಕೊಂಡು ಕೇಳಿ. ಫೋನಿನ ಸ್ಪೀಕರ್‌ನಲ್ಲಿ ಕೇಳಿದರೆ ಅರ್ಧ ನಷ್ಟ.

ಕೊಳ್ಳುವವರಿಗೆ ಒಂದೆರಡು ಮಾತು. 1993ರಲ್ಲಿ 'ದ ಕಂಪ್ಲೀಟ್ ಎಲಾ ಇನ್ ಬರ್ಲಿನ್' ಅಂತ ಸಿಡಿ ಬಂತು, ಅದರಲ್ಲಿ ಹೆಚ್ಚಿನ ಹಾಡುಗಳಿವೆ. ಮೊದಲ ಸಲ ಕೇಳುವವರು ಮೂಲದ ಒಂಬತ್ತು ಹಾಡನ್ನೇ ಅದೇ ಕ್ರಮದಲ್ಲಿ ಕೇಳಿ. ಹೌ ಹೈ ದ ಮೂನ್ ಕೊನೆಗೇ ಬರಬೇಕು, ಅದರ ನಂತರ ಇನ್ನೊಂದು ಹಾಡು ಕೇಳುವ ಶಕ್ತಿ ಉಳಿಯುವುದಿಲ್ಲ. ಸ್ಟ್ರೀಮಿಂಗ್‌ನಲ್ಲಿ ಷಫಲ್ ಆಫ್ ಮಾಡುವುದು ಮರೆಯಬೇಡಿ. ಹಾಗೆಯೇ ವರ್ಷ, ತಂಡ ಯಾವುದನ್ನೂ ಹೇಳದೆ ಇಪ್ಪತ್ತು ಮೂವತ್ತು ಹಾಡು ತುರುಕಿದ 'ಬೆಸ್ಟ್ ಆಫ್' ಸಂಗ್ರಹಗಳಿಂದ ದೂರ ಇರಿ. 1938ರ ಹುಡುಗಿ ದನಿಯೂ 1960ರ ದನಿಯೂ ಒಂದರ ಪಕ್ಕ ಒಂದು ಬಂದರೆ ಹೊಸಬರಿಗೆ ತಲೆಬುಡ ಗೊತ್ತಾಗುವುದಿಲ್ಲ.

ಇಷ್ಟವಾದರೆ ಮುಂದೇನು? ಆರ್ಮ್‌ಸ್ಟ್ರಾಂಗ್ ಜೊತೆ 1956ರಲ್ಲಿ ಮಾಡಿದ 'ಎಲಾ ಆ್ಯಂಡ್ ಲೂಯಿ' ಕೇಳಿ. ಬರ್ಲಿನ್‌ನಲ್ಲಿ ಅವಳು ಅನುಕರಣೆ ಮಾಡಿದ ದನಿಯ ಒಡೆಯ ಪಕ್ಕದಲ್ಲೇ ನಿಂತು ಹಾಡಿದ್ದಾನೆ, ಹಿಂದೆ ಆಸ್ಕರ್ ಪೀಟರ್ಸನ್ ಪಿಯಾನೋ. ಆಮೇಲೆ ಸಾಂಗ್‌ಬುಕ್‌ಗಳಿಗೆ ಹೋಗಿ. ಗರ್ಶ್‌ವಿನ್ ಸಾಂಗ್‌ಬುಕ್ ಐದು ಎಲ್‌ಪಿಗಳಷ್ಟು ಉದ್ದ, ಅದನ್ನು ಮೊದಲೇ ಎತ್ತಿಕೊಂಡರೆ ಸುಸ್ತಾಗುತ್ತೀರಿ. ರಾಜರ್ಸ್ ಮತ್ತು ಹಾರ್ಟ್ ಜೋಡಿಯ ಸಾಂಗ್‌ಬುಕ್‌ನಿಂದ ಶುರು ಮಾಡಿ. ಗ್ರಾಂಝ್ ಎತ್ತಿಟ್ಟಿದ್ದ 1962ರ ಇನ್ನೊಂದು ಬರ್ಲಿನ್ ಕಾರ್ಯಕ್ರಮದ ಟೇಪ್ 2020ರಲ್ಲಿ 'ದ ಲಾಸ್ಟ್ ಬರ್ಲಿನ್ ಟೇಪ್ಸ್' ಎಂದು ಹೊರಬಂತು. ದನಿ ಇನ್ನೂ ಸ್ವಚ್ಛವಾಗಿದೆ, ಅವಳು ಇನ್ನೂ ನಿರಾಳವಾಗಿದ್ದಾಳೆ. ಎರಡರಲ್ಲಿ ಒಂದೇ ಅಂದರೆ ನನ್ನ ಓಟು 1960ಕ್ಕೇ, ಆದರೆ 1962ರದ್ದನ್ನು ಇಟ್ಟುಕೊಂಡವರ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ.

ಅವಳ ಕೊನೆಯ ವರ್ಷಗಳ ರೆಕಾರ್ಡ್‌ಗಳನ್ನು ಮೊದಲೇ ಕೇಳಬೇಡಿ. ಸಕ್ಕರೆ ಕಾಯಿಲೆ ಅವಳನ್ನು ಹಣ್ಣು ಮಾಡಿತ್ತು. 1993ರಲ್ಲಿ ಎರಡೂ ಕಾಲು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು, 1996ರ ಜೂನ್ 15ರಂದು ಬೆವರ್ಲಿ ಹಿಲ್ಸ್‌ನ ಮನೆಯಲ್ಲಿ ತೀರಿಕೊಂಡಳು. ಕೊನೆಕೊನೆಯ ಹಾಡುಗಳಲ್ಲಿ ತಾಳ ಹಾಗೇ ಇದೆ, ದನಿ ಮಾತ್ರ ಸವೆದಿದೆ. ಬರ್ಲಿನ್ ಕೇಳಿ ಅವಳ ಜೊತೆ ಸಲುಗೆ ಬೆಳೆದ ಮೇಲೆ ಅವನ್ನು ಕೇಳಿದರೆ ಬೇಸರ ಆಗುವುದಿಲ್ಲ.

ನನ್ನ ಅಂಕ ಐದಕ್ಕೆ ನಾಲ್ಕೂವರೆ. ಅರ್ಧ ಅಂಕ ಲೊರೆಲೈಗೆ ಕಡಿತ.